ಸಹಪ್ರಯಾಣಿಕನ ಆಚಾರ

ಆಚಾರವೆಂಬುದು ಪೂಜಾಗೃಹದ ನಾಲ್ಕು ಗೋಡೆಗಳೊಳಗೆ ಮುಗಿಯತಕ್ಕ ವ್ಯವಹಾರವಲ್ಲ. ಅಲ್ಲಿ ಭಕ್ತನ ಕರಸ್ಥಲದಲ್ಲಿ ಇಷ್ಟಲಿಂಗವಿರುತ್ತದೆ; ಮನೆಯವರು ಸದ್ದಡಗಿಸಿ ನಡೆಯುತ್ತಾರೆ; ಶಾಂತನಾಗಿರುವುದು ಅಲ್ಲಿ ಕಷ್ಟದ ಕೆಲಸವಲ್ಲ. ಪರಿಚಯವಿಲ್ಲದ ಐವತ್ತು ಅರುವತ್ತು ಜನರ ನಡುವೆ, ಕಾಲೂರಲು ಸ್ಥಳವಿಲ್ಲದ ಕಡೆ, ಬೆವರುತ್ತ, ಹೊತ್ತಾಯಿತೆಂದು ತಳಮಳಿಸುತ್ತ ನಿಂತಿರುವಾಗ ಮನುಷ್ಯನು ಹೇಗೆ ನಡೆದುಕೊಳ್ಳುತ್ತಾನೆಂಬುದರಿಂದಲೇ ಅವನ ಆಚಾರದ ಆಳ ತಿಳಿಯುತ್ತದೆ. ಈ ಕಾಲದಲ್ಲಿ ಅಂಥ ಪರೀಕ್ಷೆಯು ದಿನದಿನವೂ ನಡೆಯುವ ಸ್ಥಳವೊಂದಿದೆ. ಅದು ಬಸ್ಸು.

ಕರಾವಳಿಯ ಜನಜೀವನಕ್ಕೆ ಬಸ್ಸು ಬಹಳ ಹಿಂದಿನಿಂದಲೂ ಆಧಾರವಾಗಿದೆ. 1914ರಲ್ಲಿಯೇ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿಯು ಹುಟ್ಟಿಕೊಂಡಿತು. ಹಳೆಯ ಮೈಸೂರು ಸೀಮೆಯಲ್ಲಿ 1948ರಲ್ಲಿ ಸರ್ಕಾರವೇ ಬಸ್ಸುಗಳನ್ನು ಓಡಿಸತೊಡಗಿದಾಗ ಈ ಜಿಲ್ಲೆಯು ಮದರಾಸು ಆಡಳಿತಕ್ಕೆ ಸೇರಿದ್ದಿತು. 1956ರಲ್ಲಿ ಕನ್ನಡನಾಡು ಒಂದಾದ ಮೇಲೂ, 1961ರಲ್ಲಿ ರಾಜ್ಯ ಸಾರಿಗೆ ಸಂಸ್ಥೆ ಸ್ಥಾಪಿತವಾದ ಮೇಲೂ, ಇಲ್ಲಿ ಖಾಸಗಿ ಬಸ್ಸುಗಳ ಪ್ರಾಬಲ್ಯವೇ ಉಳಿದುಬಂದಿದೆ. ಉಡುಪಿಯಿಂದ ಮಣಿಪಾಲ, ಪರ್ಕಳ, ಹಿರಿಯಡ್ಕ, ಬೈಲೂರುಗಳ ಮಾರ್ಗವಾಗಿ ಕಾರ್ಕಳಕ್ಕೆ. ಉದ್ಯಾವರ, ಕಟಪಾಡಿಗಳ ಮಾರ್ಗವಾಗಿ ಕಾಪುವಿಗೆ. ಅಲ್ಲಿಂದ ಶಿರ್ವದ ಕಡೆಗೆ, ಪಡುಬಿದ್ರಿಯ ಕಡೆಗೆ: ಹೀಗೆ ಹೊತ್ತು ಮೂಡುವ ಮೊದಲಿನಿಂದ ರಾತ್ರಿಯವರೆಗೆ ಬಸ್ಸುಗಳು ಒಂದರ ಹಿಂದೊಂದು ಓಡುತ್ತಿರುತ್ತವೆ. ಕಾಲೇಜಿನ ಮಕ್ಕಳು, ಬ್ಯಾಂಕಿನ ಗುಮಾಸ್ತರು, ಮೀನು ಮಾರುವ ಹೆಂಗಸರು, ಬಾಗಲಕೋಟೆ ಗದಗುಗಳಿಂದ ಕೂಲಿಗಾಗಿ ಬಂದವರು, ದಾವಣಗೆರೆ ಹಾವೇರಿಗಳಿಂದ ಮಣಿಪಾಲದ ಆಸ್ಪತ್ರೆಗೆ ರೋಗಿಗಳನ್ನು ಕರೆತಂದವರು, ಎಲ್ಲರೂ ಅದರೊಳಗೇ. ಕುಲ ಕೇಳದೆ, ಸಿರಿತನ ನೋಡದೆ, ಒಂದೇ ದರದ ಚೀಟಿ ಕೊಟ್ಟು ಎಲ್ಲರನ್ನೂ ಭುಜಕ್ಕೆ ಭುಜ ಸೇರಿಸಿ ನಿಲ್ಲಿಸುವ ಸ್ಥಳಗಳು ಲೋಕದಲ್ಲಿ ಹೆಚ್ಚಿಲ್ಲ.

ಅಂಥದೊಂದು ಸಂಜೆಯ ಬಸ್ಸನ್ನು ವಾಚಕರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಲಿ. ಉಡುಪಿಯ ಸರ್ವಿಸ್ ನಿಲ್ದಾಣದಿಂದ ಹೊರಟ ಬಸ್ಸು ಮಣಿಪಾಲದಲ್ಲಿ ತುಂಬಿತು. “ಸ್ವಲ್ಪ ಮುಂದೆ ಹೋಗಿ, ಮುಂದೆ ಹೋಗಿ” ಎಂದು ನಿರ್ವಾಹಕನು ಕೂಗುತ್ತಿದ್ದಾನೆ. ಕಾಲೇಜು ಮುಗಿಸಿ ಊರಿಗೆ ಮರಳುವ ಹುಡುಗಿಯೊಬ್ಬಳು ಕಂಬಿ ಹಿಡಿದು ನಿಂತಿದ್ದಾಳೆ. ಅವಳ ಹಿಂದೆ ನಿಂತವನೊಬ್ಬನು ತಿರುವು ಬಂದಾಗಲೆಲ್ಲ ಅವಳ ಮೇಲೆ ಒರಗುತ್ತಾನೆ. ತಿರುವು ಇಲ್ಲದಾಗಲೂ ಒರಗುತ್ತಾನೆ. ಅವಳು ಒಂದು ಹೆಜ್ಜೆ ಸರಿದರೆ ಅವನೂ ಒಂದು ಹೆಜ್ಜೆ ಸರಿಯುತ್ತಾನೆ. ಅವಳು ಸುತ್ತ ನೋಡುತ್ತಾಳೆ. ಕಂಡವರು ನಾಲ್ವರಿದ್ದಾರೆ. ಒಬ್ಬರು ಕಿಟಕಿಯಾಚೆ ನೋಡತೊಡಗಿದರು. ಒಬ್ಬರು ಕೈಯೊಳಗಿನ ಫೋನಿಗೆ ಕಣ್ಣಿಳಿಸಿದರು. ಒಬ್ಬರು ಕಣ್ಣು ಮುಚ್ಚಿ ನಿದ್ರೆ ನಟಿಸಿದರು. ನಾಲ್ಕನೆಯವರು ಹಣೆಯ ಮೇಲೆ ವಿಭೂತಿ ಧರಿಸಿದ ಸಜ್ಜನರು, ‘ಕಾಲ ಕೆಟ್ಟಿತು’ ಎಂದು ಮನಸ್ಸಿನಲ್ಲಿಯೇ ನಿಟ್ಟುಸಿರಿಟ್ಟರು. ಹುಡುಗಿಯು ತನ್ನೂರು ಬರುವುದಕ್ಕೆ ಮೊದಲೇ ಹಿರಿಯಡ್ಕದಲ್ಲಿ ಇಳಿದುಬಿಟ್ಟಳು. ಬಸ್ಸು ಮುಂದೆ ಹೋಯಿತು.

ಇಲ್ಲಿ ತಪ್ಪು ಮಾಡಿದವನು ಯಾರೆಂಬುದು ಸ್ಪಷ್ಟವಾಗಿಯೇ ಇದೆ. ಆದರೆ ಸುಮ್ಮನಿದ್ದ ನಾಲ್ವರ ವಿಷಯವೇನು? ಅವರು ಯಾರನ್ನೂ ಮುಟ್ಟಲಿಲ್ಲ, ಯಾರನ್ನೂ ಬೈಯಲಿಲ್ಲ, ಚೀಟಿಯ ಹಣವನ್ನು ಸರಿಯಾಗಿ ಕೊಟ್ಟರು. ಕೇಡು ಮಾಡದಿರುವುದಷ್ಟೇ ಸದಾಚಾರವಾದರೆ ಅವರು ಸದಾಚಾರಿಗಳೇ ಸರಿ. ಕೇಡನ್ನು ಕಂಡು ಸುಮ್ಮನಿರುವುದೂ ಒಂದು ಕ್ರಿಯೆಯೆಂದಾದರೆ ಅವರ ಸ್ಥಿತಿ ಬೇರೆಯಾಗುತ್ತದೆ. ಈ ಪ್ರಶ್ನೆಯನ್ನೇ ಇಲ್ಲಿ ವಿಚಾರಿಸತಕ್ಕದ್ದು.

ವಿಚಾರಕ್ಕೆ ಮೊದಲು ದೋಷಗಳನ್ನು ವಿಂಗಡಿಸಿಕೊಳ್ಳುವುದು ಯುಕ್ತ. ಎಲ್ಲ ರೋಗಕ್ಕೂ ಒಂದೇ ಮದ್ದು ಕೊಡುವವನು ವೈದ್ಯನೆನಿಸನು. ಬಸ್ಸಿನಲ್ಲಿ ಕಾಣುವ ದುರ್ನಡತೆಗಳು ಮೂರು ಬಗೆಯವು. ಮೊದಲನೆಯದು ಮರವೆಯಿಂದ ಹುಟ್ಟಿದ್ದು: ಪಕ್ಕದ ಆಸನದ ಮೇಲೆ ಚೀಲವಿಟ್ಟುಕೊಳ್ಳುವುದು, ಬಾಗಿಲ ಮೆಟ್ಟಿಲಲ್ಲಿ ನಿಂತು ಇಳಿಯುವವರಿಗೆ ಅಡ್ಡಿಯಾಗುವುದು, ವೃದ್ಧರು ಎದುರಿಗೆ ನಿಂತಿದ್ದರೂ ಕಾಣದಿರುವುದು. ಎರಡನೆಯದು ಮದದಿಂದ ಹುಟ್ಟಿದ್ದು: ಫೋನಿನ ಹಾಡನ್ನು ಊರಿಗೆಲ್ಲ ಕೇಳಿಸುವುದು, ಬೀಡಿ ಸೇದುವುದು, ಕಿಟಕಿಯಿಂದ ಎಲೆಯಡಿಕೆ ಉಗುಳುವುದು, ಕುಡಿದು ಬಂದು ಬಾಯಿ ಹರಿಯಬಿಡುವುದು. ಮೂರನೆಯದು ಹಿಂಸೆ: ಮೇಲಿನ ಹುಡುಗಿಗೆ ಆದುದು ಅದು. ಮರವೆಗೆ ನೆನಪು ಸಾಕು. ಮದಕ್ಕೆ ತಡೆ ಬೇಕು. ಹಿಂಸೆಗೆ ದಂಡ ಬೇಕು. ಮರವೆಯನ್ನು ದಂಡಿಸಹೊರಟರೆ ಕ್ರೌರ್ಯವಾಗುತ್ತದೆ. ಹಿಂಸೆಗೆ ಬುದ್ಧಿವಾದ ಹೇಳಿ ಕೈತೊಳೆದುಕೊಂಡರೆ ಅದು ಹಿಂಸೆಗೆ ಮಾಡಿದ ಸಹಾಯವಾಗುತ್ತದೆ.

ಮರವೆಯ ವಿಷಯದಲ್ಲಿ ಶರಣರ ದಾರಿ ಸುಲಭವಾಗಿದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅವನ ಸತಿ ಲಕ್ಕಮ್ಮನು ಹೆಚ್ಚಿನದನ್ನು ತಂದ ಕಡೆಯಲ್ಲಿಯೇ ಸುರಿದು ಬರುವಂತೆ ಕಳುಹಿಸಿದ ಕಥೆಯನ್ನು ಲಿಂಗವಂತರ ಮನೆಯ ಮಕ್ಕಳೆಲ್ಲ ಬಲ್ಲರು. ಒಬ್ಬನಿಗೆ ಒಂದು ಆಸನ ಸಾಕು. ಎರಡನೆಯದರ ಮೇಲೆ ಚೀಲವಿಟ್ಟವನು ಬೇಕಾದುದಕ್ಕಿಂತ ಹೆಚ್ಚನ್ನು ಆಯ್ದುಕೊಂಡವನೇ. ಲಕ್ಕಮ್ಮನು ಗಂಡನನ್ನು ಹತ್ತು ಜನರ ಮುಂದೆ ಅವಮಾನಗೊಳಿಸಲಿಲ್ಲ. ತಪ್ಪನ್ನು ತೋರಿಸಿದಳು, ಅವನು ತಿದ್ದಿಕೊಂಡನು. “ಅಣ್ಣಾ, ಚೀಲ ಸ್ವಲ್ಪ ತೆಗೆಯುತ್ತೀರಾ, ಅಜ್ಜಿ ನಿಂತಿದ್ದಾರೆ” ಎಂಬ ಮೃದುವಾದ ಒಂದು ಮಾತಿಗೆ ಹತ್ತರಲ್ಲಿ ಎಂಟು ಮಂದಿ ನಾಚಿ ಎದ್ದು ಜಾಗ ಕೊಡುತ್ತಾರೆ. ಆ ಒಂದು ಮಾತನ್ನೂ ಆಡದೆ ಒಳಗೊಳಗೇ ಕುದಿಯುವುದು ಸಹನೆಯಲ್ಲ, ಸೋಮಾರಿತನ.

ಮದವನ್ನು ತಡೆಯುವ ಭಾರವು ಮುಖ್ಯವಾಗಿ ನಿರ್ವಾಹಕನದು. ಅದಕ್ಕೆ ಬೇಕಾದ ಅಧಿಕಾರವನ್ನು ಶಾಸನವು ಅವನಿಗೆ ಕೊಟ್ಟಿದೆ. 1988ರ ಮೋಟಾರು ವಾಹನ ಕಾಯ್ದೆಯ 95ನೆಯ ಕಲಮು ಪ್ರಯಾಣಿಕರ ನಡತೆಯ ಬಗ್ಗೆಯೇ ನಿಯಮ ರಚಿಸಲು ರಾಜ್ಯಗಳಿಗೆ ಅವಕಾಶವಿತ್ತಿದೆ. ಇತರ ಪ್ರಯಾಣಿಕರಿಗೆ ತೊಂದರೆ ಕೊಡುವವನನ್ನು ಚಾಲಕ ನಿರ್ವಾಹಕರೇ ಕೆಳಗಿಳಿಸಬಹುದು. ಅವರ ಅಥವಾ ಪ್ರಯಾಣಿಕನೊಬ್ಬನ ಕೋರಿಕೆಯ ಮೇಲೆ ಪೊಲೀಸನೂ ಇಳಿಸಬಹುದು. ಬಸ್ಸಿನಲ್ಲಿ ದೂರಿನ ಪುಸ್ತಕವಿಡುವ ಮಾತು ಸಹ ಅದೇ ಕಲಮಿನಲ್ಲಿದೆ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು 2003ರ ಕಾಯ್ದೆಯು ನಿಷೇಧಿಸಿದೆ. 2021ರ ನವೆಂಬರಿನಲ್ಲಿ ರಾಜ್ಯ ಸಾರಿಗೆ ಸಂಸ್ಥೆಯು ತನ್ನ ಬಸ್ಸುಗಳಲ್ಲಿ ಫೋನಿನ ಧ್ವನಿವರ್ಧಕದಿಂದ ಹಾಡು, ಸಿನಿಮಾಗಳನ್ನು ಜೋರಾಗಿ ಕೇಳಿಸಬಾರದೆಂದೂ, ಹೇಳಿದರೂ ಕೇಳದವರನ್ನು ಹಣ ಹಿಂತಿರುಗಿಸದೆ ಇಳಿಸಬಹುದೆಂದೂ ಆಜ್ಞೆ ಹೊರಡಿಸಿತು. ಖಾಸಗಿ ಬಸ್ಸಿನಲ್ಲಿಯಾದರೋ ಒಮ್ಮೊಮ್ಮೆ ಬಸ್ಸಿನವರದೇ ಹಾಡು ಪ್ರಯಾಣಿಕರ ಹಾಡಿಗಿಂತ ದೊಡ್ಡದಾಗಿರುತ್ತದೆ. ತಾನೇ ಗದ್ದಲವೆಬ್ಬಿಸುವವನು ಇನ್ನೊಬ್ಬನ ಗದ್ದಲವನ್ನು ಯಾವ ಬಾಯಿಂದ ತಡೆದಾನು?

ನಿರ್ವಾಹಕನ ಕೆಲಸವು ಹಣವೆತ್ತುವ ಕೆಲಸ ಮಾತ್ರವಲ್ಲವೆಂಬುದನ್ನು ತಿಳಿಯಲು ಶರಣಪರಂಪರೆಯಲ್ಲಿಯೇ ನಿದರ್ಶನವಿದೆ. ಅಂಬಿಗರ ಚೌಡಯ್ಯನು ದೋಣಿ ನಡೆಸುವ ಕಾಯಕದವನು. ದೋಣಿಗೆ ಹತ್ತಿದವರ ಕುಲಗೋತ್ರಗಳನ್ನು ಅವನು ಕೇಳಬೇಕಾಗಿರಲಿಲ್ಲ; ಆದರೆ ದೋಣಿಯೊಳಗೆ ಒಬ್ಬನು ಕುಣಿದಾಡಿ ಉಳಿದವರನ್ನು ಮುಳುಗಿಸುವಂತಾದರೆ ಅಂಬಿಗನಾದವನು ಸುಮ್ಮನಿರಬಲ್ಲನೆ? ಹತ್ತಿದವರೆಲ್ಲರನ್ನೂ ಸುರಕ್ಷಿತವಾಗಿ ದಡ ಸೇರಿಸುವುದೇ ಅವನ ಕಾಯಕ. ನಿರ್ವಾಹಕನ ಕಾಯಕವೂ ಅದೇ. ಹುಡುಗಿಯು ಅಳುಕಿ ನಡುದಾರಿಯಲ್ಲಿ ಇಳಿದಳೆಂದರೆ ಆ ಬಸ್ಸು ಕಾರ್ಕಳ ಮುಟ್ಟಿದರೂ ದಡ ಮುಟ್ಟಿದಂತಾಗಲಿಲ್ಲ.

ಇನ್ನು ಹಿಂಸೆಯ ವಿಷಯ. ಹೆಣ್ಣಿನ ಗೌರವಕ್ಕೆ ಧಕ್ಕೆ ತರುವ ಬಲಪ್ರಯೋಗವು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 74ನೆಯ ಕಲಮಿನಂತೆ 1 ವರ್ಷಕ್ಕೆ ಕಡಿಮೆಯಿಲ್ಲದ, 5 ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಯಾಗತಕ್ಕ ಅಪರಾಧ. ಇದಕ್ಕೂ ಮೊದಲೇ, 2012ರ ನವೆಂಬರ್ 30ರಂದು, ತಮಿಳುನಾಡಿನ ಬಸ್ ನಿಲ್ದಾಣವೊಂದರಲ್ಲಿ ಪೊಲೀಸನೊಬ್ಬನು ಗೃಹಿಣಿಯೊಬ್ಬಳೊಡನೆ ಅಸಭ್ಯವಾಗಿ ವರ್ತಿಸಿದ ಪ್ರಕರಣದಲ್ಲಿ ತೀರ್ಪು ಕೊಡುತ್ತ ಸರ್ವೋಚ್ಚ ನ್ಯಾಯಾಲಯವು ಒಂದು ನಿರ್ದೇಶನವನ್ನಿತ್ತಿತು: ಬಸ್ಸಿನಲ್ಲಿ ಹೆಂಗಸಿಗೆ ಇಂಥ ಕಿರುಕುಳವಾದರೆ, ಅವಳು ದೂರಿದೊಡನೆ ಸಿಬ್ಬಂದಿಯು ಬಸ್ಸನ್ನು ಹತ್ತಿರದ ಪೊಲೀಸ್ ಠಾಣೆಗೆ ಒಯ್ಯತಕ್ಕದ್ದು, ಒಯ್ಯದಿದ್ದರೆ ಬಸ್ಸಿನ ಪರವಾನಗಿ ರದ್ದಾಗತಕ್ಕದ್ದು. ಕಂಡ ದಾರಿಹೋಕರೂ ಠಾಣೆಗೆ ತಿಳಿಸತಕ್ಕದ್ದೆಂದು ಅದೇ ತೀರ್ಪಿನಲ್ಲಿದೆ. ಆ ತೀರ್ಪು ಬಂದ 16ನೆಯ ದಿನ, ಡಿಸೆಂಬರ್ 16ರ ರಾತ್ರಿ, ದೆಹಲಿಯಲ್ಲಿ ಓಡುತ್ತಿದ್ದ ಬಸ್ಸೊಂದರೊಳಗೆ ನಡೆದ ಘೋರಕೃತ್ಯವನ್ನು ದೇಶವು ಮರೆತಿಲ್ಲ. ಅಲ್ಲಿ ಕೇಡಿಗರು ಬಸ್ಸನ್ನು ಓಡಿಸುತ್ತಿದ್ದವರೇ ಆಗಿದ್ದುದರಿಂದ ಆ ನಿರ್ದೇಶನವು ಅದನ್ನು ತಡೆಯುವಂತಿರಲಿಲ್ಲ. ಆದರೆ ಗಾಯಗೊಂಡ ಇಬ್ಬರು ರಸ್ತೆಯ ಬದಿಯಲ್ಲಿ ಬಿದ್ದಿದ್ದಾಗ ಹಲವರು ವಾಹನ ನಿಧಾನಿಸಿ ನೋಡಿ ಮುಂದೆ ಹೋದರೆಂದು ಬದುಕುಳಿದವನು ಬಳಿಕ ಹೇಳಿದ ಮಾತು, ಕೃತ್ಯದಷ್ಟೇ ಜನರ ಎದೆಯನ್ನು ಚುಚ್ಚಿತು. ನೆರವಾದವರನ್ನು ಪೊಲೀಸರೂ ನ್ಯಾಯಾಲಯಗಳೂ ಪೀಡಿಸಬಾರದೆಂದು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಹೊಸ ಕಲಮನ್ನು ಸೇರಿಸಲಾಯಿತು. ಅಪಘಾತದಲ್ಲಿ ಕೈನೀಡಿದವನಿಗೆ ಅದು ರಕ್ಷೆ. ಕೈಯನ್ನು ನೀಡಿಸುವ ಶಕ್ತಿಯಾದರೋ ಯಾವ ಕಲಮಿಗೂ ಇಲ್ಲ. ಅದು ಆಚಾರದಿಂದ ಬರತಕ್ಕದ್ದು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. “ಗೃಹಸ್ಥನು ಹೆಂಡತಿಮಕ್ಕಳುಳ್ಳವನು. ದುಷ್ಟನನ್ನು ಕೆಣಕಿ ಪೆಟ್ಟು ತಿಂದರೆ ನೋಡುವವರಾರು? ಸಾಕ್ಷಿಯಾಗಿ ನ್ಯಾಯಾಲಯಕ್ಕೆ ಅಲೆಯುವವರಾರು? ತನ್ನ ಮನಸ್ಸನ್ನು ತಾನು ತಿದ್ದಿಕೊಳ್ಳುವುದೇ ಶರಣಮಾರ್ಗ. ಲೋಕವನ್ನು ತಿದ್ದುವ ಗೊಡವೆ ಅವನಿಗೇಕೆ?” ಈ ಮಾತಿನ ಮೊದಲ ಭಾಗದಲ್ಲಿ ಹುರುಳಿದೆ, ಭಯವು ಪಾಪವಲ್ಲ. ಆದರೆ ಎರಡನೆಯ ಭಾಗವು ಭಯಕ್ಕೆ ತೊಡಿಸಿದ ಕಾವಿಬಟ್ಟೆ. ಪಂಚಾಚಾರಗಳಲ್ಲಿ ಸದಾಚಾರವೊಂದೇ ಇಲ್ಲ, ಗಣಾಚಾರವೂ ಇದೆ. ಶಿವನಿಂದೆ, ಶರಣನಿಂದೆಗಳನ್ನು ಕೇಳಿ ಸುಮ್ಮನಿರಬಾರದೆಂಬುದು ಅದರ ಹೃದಯ. ಪ್ರಾಣಿಮಾತ್ರದಲ್ಲಿ ಶಿವಚೈತನ್ಯವನ್ನು ಕಾಣಬೇಕೆಂದು ಒಪ್ಪಿದವನಿಗೆ, ಎದುರಿಗೆ ನಿಂತ ಹುಡುಗಿಯ ದೇಹಕ್ಕಾಗುವ ಅವಮಾನವು ನಿಂದೆಯಲ್ಲದೆ ಮತ್ತೇನು? ಬಾಯಿಂದ ಆಡಿದ ನಿಂದೆಯನ್ನು ಸಹಿಸದವನು ಕೈಯಿಂದ ಮಾಡಿದ ನಿಂದೆಯನ್ನು ಸಹಿಸುವುದು ಎಂತಹ ನಿಷ್ಠೆ? ಮಡಿವಾಳ ಮಾಚಯ್ಯನ ನಿಷ್ಠುರತೆಯನ್ನು ಪುರಾಣದಲ್ಲಿ ಕೇಳಿ ತಲೆದೂಗಿದವರು ಬಸ್ಸಿನಲ್ಲಿ ತಲೆ ತಗ್ಗಿಸಿದರೆ ಪುರಾಣಶ್ರವಣದ ಫಲವೇನು?

ಗಣಾಚಾರವೆಂದರೆ ಹೊಡೆದಾಟವೆಂದೂ ತಿಳಿಯಬೇಕಾಗಿಲ್ಲ. ಆ ಬಸ್ಸಿನಲ್ಲಿ ಮಾಡಬಹುದಾಗಿದ್ದುದು ಎಷ್ಟು ಅಲ್ಪ! ವಿಭೂತಿ ಧರಿಸಿದ ಹಿರಿಯರು ಎದ್ದು, “ಬಾ ತಂಗಿ, ಇಲ್ಲಿ ಕುಳಿತುಕೋ” ಎಂದಿದ್ದರೆ ಸಾಕಾಗಿದ್ದಿತು. ಕೇಡಿಗನ ಬಲವೆಲ್ಲವೂ ಯಾರೂ ನೋಡುತ್ತಿಲ್ಲವೆಂಬ ನಂಬಿಕೆಯಲ್ಲಿದೆ. ಒಬ್ಬರು ನೋಡಿದರೆಂದು ಗೊತ್ತಾದೊಡನೆ ಅವನ ಕೈ ಬಹುಮಟ್ಟಿಗೆ ಹಿಂದೆ ಸರಿಯುತ್ತದೆ. ಅದು ಸಾಲದಿದ್ದರೆ ನಿರ್ವಾಹಕನನ್ನು ಕೂಗಿ ಕರೆಯಬಹುದು. ಅದೂ ಸಾಲದಿದ್ದರೆ 112 ಎಂಬ ಮೂರು ಅಂಕೆಗಳನ್ನು ಒತ್ತಬಹುದು. ಕಣ್ಣು ಮುಚ್ಚಿದ್ದವರು ಕಣ್ಣು ತೆರೆದರೆ ಅದೇ ಅರ್ಧ ಚಿಕಿತ್ಸೆ.

ಆದರೆ ಔಷಧವು ಮಿತಿಮೀರಿದರೆ ವಿಷವಾಗುವಂತೆ ಗಣಾಚಾರಕ್ಕೂ ಒಂದು ಅಪಾಯವುಂಟು. ಕರಾವಳಿಯಲ್ಲಿ ಅದನ್ನು ವಿಶೇಷವಾಗಿ ಹೇಳಬೇಕಾಗಿದೆ. ದುರ್ನಡತೆಯನ್ನು ತಡೆಯುತ್ತೇವೆಂಬ ಹೆಸರಿನಲ್ಲಿ ಗುಂಪುಗೂಡಿ ಬಸ್ಸು ತಡೆದು, ಬೇರೆ ಬೇರೆ ಮತದ ಹುಡುಗ ಹುಡುಗಿಯರು ಒಟ್ಟಿಗೆ ಕುಳಿತರೆಂದು ಇಳಿಸಿ ಹೊಡೆದ ಪ್ರಕರಣಗಳು ಈ ಭಾಗದಲ್ಲಿ ಹಲವು ಸಲ ವರದಿಯಾಗಿವೆ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬೊಂದರಲ್ಲಿ ಹೆಂಗಸರನ್ನು ಅಟ್ಟಿ ಹೊಡೆದವರು ಸಹ ತಾವು ಸಂಸ್ಕೃತಿಯನ್ನು ರಕ್ಷಿಸಿದೆವೆಂದೇ ಹೇಳಿಕೊಂಡರು. ಇದು ಗಣಾಚಾರವಲ್ಲ, ಗುಂಪಿನ ಅನಾಚಾರ. ಹಾಗೆಯೇ, ಬಸ್ಸಿನಲ್ಲಿ ಒಂದು ಪರ್ಸು ಕಳೆಯಿತೆಂದರೆ ಎಲ್ಲರ ಕಣ್ಣೂ ಮೊದಲು ಹರಿಯುವುದು ಗಂಟುಮೂಟೆ ಹೊತ್ತ ಕೂಲಿಯವನ ಕಡೆಗೆ. ‘ಘಟ್ಟದವರು’ ಎಂಬ ಒಂದು ಮಾತಿನಲ್ಲಿ ವಿಚಾರಣೆಯೂ ತೀರ್ಪೂ ಮುಗಿದುಹೋಗುತ್ತವೆ. ತುಳು ಬಾರದಿರುವುದು, ಮೈಗೆ ಸಿಮೆಂಟು ಮೆತ್ತಿರುವುದು ಅಪರಾಧವೆ? ಶಿವಾಚಾರವು ಕುಲವನ್ನೆಣಿಸಬಾರದೆಂದು ಸಾರುತ್ತದೆ. ಕುಲವನ್ನೆಣಿಸಿ ಕಳ್ಳನನ್ನು ಹುಡುಕುವುದೂ ಆ ಆಚಾರಕ್ಕೆ ವಿರುದ್ಧವೇ.

ಹಾಗಾದರೆ ನಿಜವಾದ ಗಣಾಚಾರವನ್ನು ಗುರುತಿಸುವ ಬಗೆ ಯಾವುದು? ಮೂರು ಪ್ರಶ್ನೆಗಳಿಂದ ಅದನ್ನು ಒರೆಗೆ ಹಚ್ಚಬಹುದು. ಇಲ್ಲಿ ನೊಂದವರು ಯಾರು? ನೊಂದವರೇ ಇಲ್ಲದೆ ನೋಡುವವನ ಕಣ್ಣಿಗೆ ಮಾತ್ರ ಸರಿಬೀಳದ್ದು ದುರ್ನಡತೆಯಲ್ಲ. ತಾನು ಎದುರಿಸುತ್ತಿರುವುದು ಮಾಡಿದ ಕೆಲಸವನ್ನೋ, ಮಾಡಿದವನ ಜಾತಿಮತಗಳನ್ನೋ? ತನ್ನ ಮತದವನೇ ಮಾಡಿದ್ದರೂ ಇಷ್ಟೇ ಗಟ್ಟಿಯಾಗಿ ಎದ್ದು ನಿಲ್ಲುತ್ತಿದ್ದೆನೆ ಎಂದು ಎದೆ ಮುಟ್ಟಿಕೊಂಡು ಕೇಳಿಕೊಳ್ಳಲಿ. ಕೊನೆಯದಾಗಿ, ತಾನು ಹಿಂಸೆಯನ್ನು ನಿಲ್ಲಿಸುತ್ತಿರುವೆನೋ, ಹಿಂಸಿಸುವ ಸರದಿಯನ್ನು ತಾನು ತೆಗೆದುಕೊಳ್ಳುತ್ತಿರುವೆನೋ? ತಡೆಯುವುದು ಪ್ರಯಾಣಿಕನ ಧರ್ಮ. ದಂಡಿಸುವುದು ನ್ಯಾಯಾಲಯದ ಧರ್ಮ. ಪಂಚಾಚಾರಗಳಲ್ಲಿ ಗಣಾಚಾರದ ಪಕ್ಕದಲ್ಲಿಯೇ ಭೃತ್ಯಾಚಾರವನ್ನು ಹೇಳಿರುವುದರ ಮರ್ಮವೂ ಇದೇ ಇರಬೇಕು. ಎಲ್ಲರಿಗಿಂತ ತಾನು ಕಿರಿಯನೆಂದು ಭಾವಿಸಿದವನ ಕೈಯಲ್ಲಿ ಮಾತ್ರ ನಿಷ್ಠುರತೆಯು ಕ್ಷೇಮಕರ. ಭೃತ್ಯಭಾವವಿಲ್ಲದ ಗಣಾಚಾರವು ಅಹಂಕಾರ. ಗಣಾಚಾರವಿಲ್ಲದ ಭೃತ್ಯಭಾವವು ಹೇಡಿತನ.

ಈ ಒರೆಗಲ್ಲಿಗೆ ಮೊದಲು ಹಚ್ಚಬೇಕಾದುದು ತನ್ನ ಮನೆಯನ್ನು. ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ತೊಂದರೆ ಕೊಡುವವರು ಯಾವುದೋ ಕಾಡಿನಿಂದ ಬಂದವರಲ್ಲ. ಯಾರದೋ ಮಗ, ಯಾರದೋ ಅಳಿಯ, ಯಾರದೋ ತಮ್ಮ. ಊರಿನ ಹುಡುಗರ ದುಂಡಾವರ್ತಿಯನ್ನು ಕಂಡು ಹೌಹಾರುವ ತಂದೆಯು ತನ್ನ ಮಗನ ಹೆಸರು ಬಂದಾಗ “ವಯಸ್ಸಿನ ಹುಡುಗಾಟ, ಬಿಡಿ” ಎಂದರೆ ಅವನ ಸದಾಚಾರವೆಲ್ಲ ಆ ಒಂದು ಮಾತಿನಲ್ಲಿ ಸೋರಿಹೋಯಿತು. ಹುಡುಗಿಯು ಮನೆಗೆ ಬಂದು ನಡೆದುದನ್ನು ಹೇಳಿದರೆ “ನಾಳೆಯಿಂದ ಕಾಲೇಜು ಬೇಡ” ಎನ್ನುವ ತಾಯಿತಂದೆಗಳೂ ಉಂಟು. ತಪ್ಪು ಮಾಡಿದವನು ನಿರಾತಂಕವಾಗಿ ಅದೇ ಬಸ್ಸಿನಲ್ಲಿ ಓಡಾಡುತ್ತಾನೆ. ತಪ್ಪಿಲ್ಲದವಳ ವಿದ್ಯೆ ನಿಲ್ಲುತ್ತದೆ. ಅವಳು ಹೇಳಿದುದನ್ನು ನಂಬುವುದು, ಅವಳನ್ನು ದೂಷಿಸದಿರುವುದು, ಬೇಕಾದರೆ ಮಾರನೆಯ ದಿನ ಅದೇ ಬಸ್ಸಿನಲ್ಲಿ ಅವಳ ಜೊತೆಗೆ ಹೋಗಿ ನಿರ್ವಾಹಕನೊಡನೆ ಮಾತಾಡುವುದು, ಇದು ಗೃಹಸ್ಥನ ಮನೆಯಲ್ಲಿ ನಡೆಯತಕ್ಕ ಶಿವಪೂಜೆ.

ಕೊನೆಯದಾಗಿ ಒಂದು ಮಾತು. ಬಸ್ಸನ್ನು ಠಾಣೆಗೆ ಒಯ್ಯಬೇಕೆಂಬ ನಿರ್ದೇಶನವು ಕೇಳಲು ಸುಲಭವಾಗಿದೆ. ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಮಣಿಪಾಲ, ಹಿರಿಯಡ್ಕಗಳಲ್ಲಿ ಠಾಣೆಗಳಿವೆ. ಕಾಪುವಿನಲ್ಲಿಯೂ ಪಡುಬಿದ್ರಿಯಲ್ಲಿಯೂ ಇವೆ. ಬಸ್ಸು ಅಲ್ಲಿಗೆ ತಿರುಗದಿರುವುದು ದಾರಿ ದೂರವೆಂದಲ್ಲ. ಹಿಂದಿನ ಬಸ್ಸು ಕೆಲವೇ ನಿಮಿಷಗಳ ಅಂತರದಲ್ಲಿ ಬರುತ್ತಿರುತ್ತದೆ. ತಡವಾದರೆ ಮುಂದಿನ ನಿಲ್ದಾಣಗಳ ಜನರೆಲ್ಲ ಅದಕ್ಕೆ ಹತ್ತುತ್ತಾರೆ. ದಿನದ ವಸೂಲಿ ಕಡಿಮೆಯಾದರೆ ಧಣಿಗೆ ಉತ್ತರ ಹೇಳಬೇಕಾದವನು ನಿರ್ವಾಹಕ. ಇದಕ್ಕೂ ಮಿಗಿಲಾಗಿ, ಬಸ್ಸು ಠಾಣೆಯ ಮುಂದೆ ನಿಂತೊಡನೆ ಒಳಗಿನ ಅರುವತ್ತು ಜನರಲ್ಲಿ ಮೂವತ್ತು ಮಂದಿ “ನಮಗೆ ಹೊತ್ತಾಯಿತು, ಬಿಟ್ಟುಬಿಡಿ” ಎಂದು ಗೊಣಗುತ್ತಾರೆ. ಆ ಗೊಣಗಾಟವನ್ನು ಕೇಳಿದ ಹುಡುಗಿಯು ‘ಏನೂ ಇಲ್ಲ, ಹೋಗೋಣ’ ಎಂದು ತಾನೇ ದೂರನ್ನು ಹಿಂತೆಗೆದುಕೊಳ್ಳುತ್ತಾಳೆ. ಕೇಡಿಗನನ್ನು ಕಾಯುತ್ತಿರುವುದು ಅವನ ತೋಳ್ಬಲವಲ್ಲ, ಸಜ್ಜನರ ಅವಸರ.

ದಾಸೋಹವೆಂದರೆ ಅನ್ನ ನೀಡುವುದೊಂದೇ ಎಂದು ತಿಳಿದವರು ಬಹಳ ಮಂದಿ. ಅನ್ನವುಳ್ಳವನು ಅನ್ನವನ್ನು ನೀಡುತ್ತಾನೆ. ಕಾಲವುಳ್ಳವನು ಕಾಲವನ್ನು ನೀಡಬೇಕು. ಠಾಣೆಯ ಮುಂದೆ ಬಸ್ಸು ನಿಂತ ಆ ಅರ್ಧ ಗಂಟೆಯನ್ನು ಗೊಣಗದೆ ಕೊಡುವುದು, “ತಡವಾದರೆ ಆಗಲಿ, ತಂಗಿ, ನೀನು ಹೇಳುವುದನ್ನು ಹೇಳಿ ಬಾ, ನಾವೆಲ್ಲ ಇಲ್ಲಿದ್ದೇವೆ” ಎಂದು ಒಬ್ಬರಾದರೂ ಗಟ್ಟಿಯಾಗಿ ಹೇಳುವುದು, ಕಂಡುದಕ್ಕೆ ಸಾಕ್ಷಿಯಾಗಿ ತನ್ನ ಹೆಸರು ಬರೆಯಿಸುವುದು, ಇವು ಈ ಕಾಲದ ದಾಸೋಹ. ಅಂದು ರಾತ್ರಿ ಆ ಭಕ್ತನು ಮನೆಗೆ ತಡವಾಗಿ ಮುಟ್ಟಿ, ತಡವಾಗಿ ಸ್ನಾನಮಾಡಿ, ತಡವಾಗಿ ಪೂಜೆಗೆ ಕುಳಿತಾನು. ಕುಳಿತಾಗ ಆ ಹುಡುಗಿಯ ಮುಖವು ಅವನ ನೆನಪಿಗೆ ಬಂದರೆ ಅವನು ಲಿಂಗದಿಂದ ದೃಷ್ಟಿಯನ್ನು ತಪ್ಪಿಸಬೇಕಾಗಿ ಬರುವುದಿಲ್ಲ.